ಉಮ್ಮಚಗಿ ಕ್ರಾಸಿನ ಅಪ್ಪೆಹುಳಿ

ಇಂಗಿನ ಒಗ್ಗರಣೆ ಚುಂಯ್ ಎಂದಿತು ನೋಡಿ, ಮಧ್ಯಾಹ್ನದ ಬಿಸಿಲಲ್ಲಿ ಉಮ್ಮಚಗಿ ಕ್ರಾಸಿನ ತುಂಬ ಅಪ್ಪೆಹುಳಿಯ ಪರಿಮಳ. ಉಪ್ಪಿನಲ್ಲಿಟ್ಟ ಮಾವನ್ನು ಕಿವುಚಿ, ನೀರು ಬೆರೆಸಿ ಮಾಡುವ ಈ ಹುಳಿಯನ್ನು ನಾವು ಊಟದಲ್ಲಿ ಲೋಟಗಟ್ಟಲೆ ಕುಡಿದು, ಆಮೇಲೆ ಹಾಯಾಗಿ ನಿದ್ದೆ ಹೊಡೆಯುತ್ತೇವೆ. ಅಂಥದ್ದನ್ನು ನಾನು ನೂರು ಕಿಲೋಮೀಟರ್ ಓಡುವವರಿಗಾಗಿ ಮಾಡುತ್ತಿದ್ದೇನೆ. "ಕುಡದವು ರಸ್ತೆ ಮೇಲೇ ಮಲಗ್ತ ನೋಡು" ಎನ್ನುವುದು ನಮ್ಮನೆಯವರ ಹಾಸ್ಯ.

ನೂರು ಕಿಲೋಮೀಟರ್ ಎಂದರೆ ಯಲ್ಲಾಪುರದಿಂದ ಶಿರಸಿ, ಶಿರಸಿಯಿಂದ ಮತ್ತೆ ಯಲ್ಲಾಪುರ. ಬಸ್ಸಿನಲ್ಲಿ ಹೋಗಿಬಂದರೇ ನನಗೆ ಮೈಕೈ ನೋವು. ಸಿದ್ದಾಪುರದಲ್ಲಿ ಗಣಿತದ ಟೀಚರಾಗಿರುವ ನನ್ನ ನಾದಿನಿ ಸುಧಾ, ನಲವತ್ತು ದಾಟಿದ ಮೇಲೆ, ಅದನ್ನು ಓಡುತ್ತೇನೆ ಎಂದಾಗ ನಾನು ಕೇಳಿದ್ದು ಒಂದೇ: "ದಾರಿಲಿ ಆಸ್ರಿಗೆ ಎಂತದೇ?" ಬಂದವರ ಬಾಯಾರಿಕೆ ವಿಚಾರಿಸದೆ ಮಾತೇ ಶುರುಮಾಡದ ಜನ ನಾವು. ಬೇಡ ಎಂದವರನ್ನು ಲೋಟ ಹಿಡಿದು ಅಂಗಳದ ತನಕ ಅಟ್ಟಿಸಿಕೊಂಡು ಹೋದವಳು ನಾನು. ನನ್ನ ಓಟ ಅಷ್ಟೇ.

ಅವಳ ಮೊದಲ ಓಟದ ದಿನ ಇದೇ ಕ್ರಾಸಿನಲ್ಲಿ ಪಾತ್ರೆ ಇಟ್ಟುಕೊಂಡು ಕಾದಿದ್ದೆ. ಶಿರಸಿಯಿಂದ ವಾಪಸು ಬರುವಾಗ ಹೆಂಗಸರಲ್ಲಿ ಅವಳೇ ಮುಂದೆ. ಬೆನ್ನಿಗೇ ಹಾವೇರಿ ಕಡೆಯ ಗಟ್ಟಿಗಿತ್ತಿಯೊಬ್ಬಳು. ಸುಧಾಳ ತುಟಿ ಒಡೆದಿತ್ತು, ಬೆವರಿನ ಉಪ್ಪು ಮುಖದ ಮೇಲೆ ಬೆಳ್ಳಗೆ ಕಟ್ಟಿತ್ತು. ಲೋಟ ಚಾಚಿದೆ.

"ಅತ್ಗೇ, ಓಟದವ್ರ ಡೇರೆ ಬಿಟ್ಟು ಬೇರೆ ಕಡೆ ಕುಡದ್ರೆ ಆನು ಔಟು! ಯಲ್ಲಾಪುರಕ್ಕೆ ತಗಂಬಾ!"

ಲೋಟವನ್ನೇ ನೋಡಿದಳು, ಎಂಜಲು ನುಂಗಿದಳು, ಓಡಿದಳು. ಬಾಯಿ ಒಣಗಿದವಳಿಗೆ ಕುಡಿಯಲು ಬಿಡದ್ದು ಎಂಥ ಆಟ ಎಂದು ನನಗೆ ಸಿಟ್ಟೇ ಬಂತು. ಆದರೆ ತಿರುವು ದಾಟುವ ತನಕ ಅವಳ ಬೆನ್ನು ನೋಡುತ್ತ ನಿಂತೆ. ಕುಂಟುತ್ತಿದ್ದಳು, ನಿಲ್ಲಲಿಲ್ಲ. ನಮ್ಮನೆ ಹುಡುಗಿ ಎಂದು ಎದೆಯುಬ್ಬಿತು. ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಸಿಕ್ಕಿದ ಜೀಪು ಹತ್ತಿದೆ.

ಯಲ್ಲಾಪುರದಲ್ಲಿ ಅವಳೇ ಮೊದಲು ಬಂದಳು. ರಸ್ತೆಯ ಮೇಲೇ ಕೂತು ಲೋಟದ ಮೇಲೆ ಲೋಟ ಕುಡಿದಳು. ಹಿಂದಿನಿಂದ ಬಂದ ಹಾವೇರಿಯವಳಿಗೂ ಕೊಟ್ಟೆ.

"ಏನ್ ಮಾಡೀರಿ ಅಕ್ಕಾರ, ಹೋದ ಜೀವ ಬಂತು ನೋಡ್ರಿ! ಡೇರೆದಾಗ ಇದನ್ನ ಇಡಸ್ರಿ, ಮುಂದಿನ ಸಲ ನಾನೇ ಗೆಲ್ತೀನಿ" ಎಂದಳು. ಓಟ ನಡೆಸುವವರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಅಪ್ಪೆಹುಳಿಗೆ ಡೇರೆ ಸಿಕ್ಕಿದ್ದು ಹೀಗೆ.

ಈ ವರ್ಷ ನನ್ನ ಎದೆಯ ಮೇಲೆ ಬ್ಯಾಡ್ಜು ಬೇರೆ ಇದೆ. ಯಾರಿಗೆ ಎಷ್ಟು ಕುಡಿಸಿದರೂ ಕೇಳುವವರಿಲ್ಲ. ಒಗ್ಗರಣೆ ಆರುವುದರೊಳಗೆ ತಿರುವಿನಲ್ಲಿ ಸುಧಾ ಕಾಣಿಸಿದಳು, ಈ ಸಲವೂ ಮುಂದೆ. ಕೂಗಿದರೆ ಕೇಳುವಷ್ಟು ದೂರದಲ್ಲಿ ಹಾವೇರಿಯವಳು. ಸುಧಾಳ ಕೈಯಲ್ಲಿ ಇನ್ನೂ ಅರ್ಧ ಬಾಟಲಿ ನೀರಿತ್ತು. ಆದರೂ ನನಗೆ ಬೇಸರವಾದೀತೆಂದು, ಲೋಟ ನೋಡಿ ಕಾಲು ನಿಧಾನ ಮಾಡಿದಳು.

ಜೀವಮಾನದಲ್ಲಿ ನಾನಾಗಿ ಒಬ್ಬರನ್ನೂ ಕುಡಿಸದೆ ಕಳಿಸದವಳು ಲೋಟವನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಕೂಗಿದೆ:

"ನಿಲ್ಲಡ, ಓಡೇ! ಯಲ್ಲಾಪುರಕ್ಕೆ ಆನೇ ತಗಂಬತ್ತೆ!"