ಎದುರುಮನೆಯವರ ತೋರುಬೆರಳು

ಅವರ ಬಲಗೈಯ ತೋರುಬೆರಳು ಮೇಜಿನಿಂದ ಒಂದಿಂಚು ಮೇಲೆ, ಗಾಳಿಯಲ್ಲಿ ನಿಂತಿರುತ್ತಿತ್ತು. ಚಪ್ಪಟೆ ಉಗುರು, ದಡ್ಡುಗಟ್ಟಿದ ತುದಿ. ನಾನು ತಪ್ಪಿಲ್ಲದೆ ಹೇಳುವವರೆಗೂ ಅದು ಕೆಳಗಿಳಿಯುತ್ತಿರಲಿಲ್ಲ. ಅದನ್ನು ಹಿಡಿದು ಮುರಿಯಬೇಕೆಂದು ನನಗೆ ಎಷ್ಟು ಸಲ ಅನ್ನಿಸಿದೆಯೋ!

ಚಿಕ್ಕಬಾಣಾವರದಲ್ಲಿ ನಮ್ಮ ಎದುರುಮನೆಯವರು ಅವರು. ಹಿಂದೆ ಷೇರು ದಲ್ಲಾಳಿ ಕಂಪನಿಯೊಂದರಲ್ಲಿ ಡೀಲರ್ ಆಗಿದ್ದರು. ಗ್ರಾಹಕರು ಫೋನಿನಲ್ಲಿ ಹೇಳಿದ ಆರ್ಡರನ್ನು ಕಂಪ್ಯೂಟರಿಗೆ ಹಾಕುವ ಕೆಲಸ. ನಾನು ಬಿಲ್ ಬರೆಯುತ್ತಿದ್ದ ಪೀಣ್ಯದ ಕಾರ್ಖಾನೆ ಬಾಗಿಲು ಹಾಕಿತ್ತು. ಎರಡು ಇಂಟರ್‌ವ್ಯೂಗಳಲ್ಲಿ ಬಾಯೇ ಬಿಡದೆ ವಾಪಸು ಬಂದಿದ್ದೆ. ಮೂರನೆಯದು ವೈಟ್‌ಫೀಲ್ಡಿನ ಷೇರು ಕಂಪನಿಯದು. ಅದೂ ತಪ್ಪಿದರೆ ಅಪ್ಪ ಮದುವೆ ಮಾತು ಮುಗಿಸಿಬಿಡುವುದು ಖಾತ್ರಿ. ಅದಕ್ಕೇ ಅಮ್ಮ ನನ್ನನ್ನು ಇವರ ಮುಂದೆ ಕೂರಿಸಿದಳು.

"ಇನ್ನೂರು ಷೇರು, ಮುನ್ನೂರಹತ್ತಕ್ಕೆ ಮಾರಿ," ಎಂದು ತಾವೇ ಗ್ರಾಹಕರಾಗಿ ಹೇಳುವರು.

"ಹಾಕ್ತೀನಿ ಸಾರ್."

"ಏನ್ ಹಾಕ್ತೀಯ? ತಲೇಲಿ ಏನಮ್ಮಾ ಇರೋದು, ಜಲ್ಲೀನಾ? ಪೂರ್ತಿ ವಾಪಸ್ ಹೇಳು. ಗಿರಾಕಿ ಹೂಂ ಅನ್ನೋವರ್ಗೂ ಬೆರಳು ಇಳೀಬಾರ್ದು."

ಷೇರು ಮಾರುಕಟ್ಟೆಯ ಬಗ್ಗೆ ನಾನು ಓದಿಕೊಂಡು ಹೋದದ್ದನ್ನೆಲ್ಲ ಅವರು ಪಕ್ಕಕ್ಕೆ ತಳ್ಳಿದರು. ಹದಿನೈದು ದಿನವೂ ಇದೊಂದೇ. ಒಳಗಿನಿಂದ ಅವರ ಹೆಂಡತಿ, "ಹಾಲು ತನ್ನಿ ಅಂದ್ರೂ ಮೂರ್ಸಲ ಕೇಳ್ತಾರೆ ಕಣಮ್ಮ, ಬೇಜಾರ್ ಮಾಡ್ಕೋಬೇಡ," ಎಂದು ಸಮಾಧಾನ ಹೇಳುತ್ತಿದ್ದರು. ನನಗೆ ಬೇಜಾರಲ್ಲ, ಮೈಯೆಲ್ಲ ಉರಿಯುತ್ತಿತ್ತು. ಕೊನೆಯ ದಿನವಂತೂ ಅಮ್ಮನ ಎದುರಿಗೇ, "ಇವಳಿಗೆ ಕೆಲ್ಸ ಕೊಟ್ಟ ಕಂಪನಿ ಅವತ್ತೇ ಮುಳುಗತ್ತೆ," ಎಂದರು. ನೋಟ್‌ಬುಕ್ಕನ್ನು ಅವರ ಹೊಸಿಲ ಮೇಲೆ ಬಿಸಾಕಿ ಬಂದೆ. ಆಮೇಲೆ ಅವರ ಜೊತೆ ಮಾತಾಡಲಿಲ್ಲ.

ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಕೈಗೆ ಫೋನ್ ಕೊಟ್ಟರು. ಪಕ್ಕದ ಕೋಣೆಯಿಂದ ಗ್ರಾಹಕನ ಹಾಗೆ ಒಬ್ಬ ಕಿರುಚುತ್ತಿದ್ದ: "ಐನೂರು ಷೇರು, ನೂರಿಪ್ಪತ್ತಕ್ಕೆ, ಬೇಗ ಹಾಕ್ರೀ, ರೇಟ್ ಓಡ್ತಾ ಇದೆ!"

ನನ್ನ ಬೆರಳು ಕೀಬೋರ್ಡಿನ ಗುಂಡಿಯಿಂದ ಒಂದಿಂಚು ಎತ್ತರದಲ್ಲಿ ನಿಂತುಬಿಟ್ಟಿತು. "ಸಾರ್, ಐನೂರು ಷೇರು, ನೂರಿಪ್ಪತ್ತು ರೂಪಾಯಿಗೆ. ಕೊಳ್ಳೋದಾ, ಮಾರೋದಾ?"

"ತಲೆ ತಿನ್ಬೇಡಿ, ಹಾಕ್ರೀ!"

"ಕೊಳ್ಳೋದಾ ಮಾರೋದಾ ಹೇಳಿ ಸಾರ್. ಹೇಳೋವರ್ಗೂ ಹಾಕಲ್ಲ."

ಮ್ಯಾನೇಜರ್ ನಕ್ಕು ಫೋನ್ ಇಸಿದುಕೊಂಡರು. ಬೆಳಗಿನಿಂದ ಬಂದವರೆಲ್ಲ ತಾವೇ ಒಂದು ಊಹಿಸಿಕೊಂಡು ಗುಂಡಿ ಒತ್ತಿದ್ದರಂತೆ. "ಯಾರು ಕಲಿಸಿದ್ದು?" ಎಂದು ಕೇಳಿದರು.

"ಯಾರೂ ಇಲ್ಲ ಸಾರ್," ಎಂದೆ.

ಕೆಲಸ ಸಿಕ್ಕಿತು. ಬೀದಿಯವರಿಗೆಲ್ಲ ಮೈಸೂರು ಪಾಕ್ ಹಂಚಿದೆ, ಅವರ ಮನೆಯೊಂದನ್ನು ಬಿಟ್ಟು. ಏಳು ತಿಂಗಳ ಮೇಲೆ ಅವರು ಹೃದಯಾಘಾತದಿಂದ ತೀರಿಕೊಂಡರು. ನನಗೆ ಅಳು ಬರಲಿಲ್ಲ.

ಹನ್ನೊಂದನೆಯ ದಿನ ಅವರ ಮನೆಗೆ ಹೋದಾಗ ಅವರ ಹೆಂಡತಿ, ಆಂಟಿ, ಹೇಳಿದರು: "ಒಂದೇ ಒಂದ್ಸಲ ಇವ್ರು ವಾಪಸ್ ಕೇಳದೇನೇ, ಗಿರಾಕಿ ಮಾರು ಅಂದಿದ್ದನ್ನ ಕೊಂಡ್ಬಿಟ್ರು. ಅವತ್ತೇ ಕೆಲ್ಸದಿಂದ ತೆಗೆದ್ರು. ಯಾರ ಹತ್ರಾನೂ ಹೇಳ್ಕೊಳ್ಳಲಿಲ್ಲ. ನಿನ್ನ ಇಂಟರ್‌ವ್ಯೂ ಆದ್ಮೇಲೆ ಮಾತ್ರ ದಿನಾ ಬಾಗ್ಲು ನೋಡೋರು. 'ನಾನು ಹೇಳ್ಕೊಟ್ಟಿದ್ದು ಅಲ್ಲಿ ಬಂತೋ ಇಲ್ವೋ, ಅಷ್ಟಾದ್ರೂ ಹೇಳ್ಬಾರ್ದಾ ಆ ಹುಡುಗಿ' ಅನ್ನೋರು. ಬಂದಿತ್ತೇನಮ್ಮಾ?"

ಅವರ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ನನ್ನ ಮೇಲಿನದು ಆವತ್ತು ಶುರುವಾಯಿತು.

"ಬಂತು ಆಂಟಿ," ಎಂದೆ. "ಅದೊಂದೇ ಬಂದಿದ್ದು."

ಆಂಟಿ ಎದ್ದು ಗೋಡೆಯ ಮೇಲಿನ ಫೋಟೋದ ಹತ್ತಿರ ಹೋದರು. "ಕೇಳಿಸ್ತೇನ್ರೀ? ಬಂತಂತೆ. ಅದೊಂದೇ ಬಂದಿದ್ದಂತೆ," ಎಂದು ಪೂರ್ತಿ ವಾಪಸು ಹೇಳಿ, ನನ್ನ ಕಡೆ ತಿರುಗಿ, ನಾನು ಹೂಂ ಅನ್ನುವವರೆಗೂ ಹಾಗೇ ನಿಂತಿದ್ದರು.