ಕ್ಲೋಟಿ ಊದಿದರೆ ನೀರು ಬಂದಂತೆ

ಬೆಳಗಿನ ಐದು ಗಂಟೆ. ನಮ್ಮೂರು ಆನ್ಸ್ ಗಾಲೆಯ ಸ್ಮಶಾನದ ಗೋಡೆಗೆ ಆನಿಸಿಟ್ಟ ಉದ್ದನೆಯ ಕಬ್ಬಿಣದ ಕೀಲಿಯನ್ನು ಎತ್ತಿ ಕ್ಲೋಟಿಲ್ಡಾ ಶಾರ್ಲರಿ ರಸ್ತೆಬದಿಯ ಗುಂಡಿಯೊಳಗೆ ಇಳಿಸುತ್ತಾರೆ. ಗುಂಡಿಯಲ್ಲಿ ಏಡಿಯೊಂದು ಸಂಸಾರ ಹೂಡಿದೆ. ಅದನ್ನು ಕೀಲಿಯ ತುದಿಯಿಂದಲೇ ಪಕ್ಕಕ್ಕೆ ಸರಿಸಿ, ಎರಡೂ ಕೈಯಿಂದ ತಿರುಗಿಸತೊಡಗುತ್ತಾರೆ. ವಾಲ್ವ್ ಪೂರ್ತಿ ತೆರೆಯಲು ನಲವತ್ತೊಂದು ಸುತ್ತು ಬೇಕು. ಇಪ್ಪತ್ತೈದರ ಹತ್ತಿರ ಎದೆಯೊಳಗೆ ಸಿಳ್ಳೆ ಹೊಡೆದಂಥ ಸದ್ದು ಶುರುವಾಗುತ್ತದೆ. ಗೋಡೆಗೆ ಒರಗಿ ಒಂದು ನಿಮಿಷ ಸುಧಾರಿಸಿಕೊಂಡು ಮತ್ತೆ ಕೀಲಿ ಹಿಡಿಯುತ್ತಾರೆ.

ಆಮೇಲೆ ಗುಡ್ಡ ಹತ್ತಬೇಕು. ಮೋರ್ನ್ ಕಾಬ್ರಿ ಎಂಬ ಆ ಗುಡ್ಡಕ್ಕೆ ಇನ್ನೂರ ಹನ್ನೆರಡು ಮೆಟ್ಟಿಲು. ತುದಿಯಲ್ಲಿ, ಕೊನೆಯ ಮನೆಯ ಬೇಲಿಯ ಪಕ್ಕ, ನೆಲದಿಂದ ಮೇಲೆದ್ದ ಒಂದು ಕೊಳವೆಯಿದೆ. ಕ್ಲೋಟಿ ಅದರ ಮೇಲೆ ಅಂಗೈ ಊರಿ ಕಣ್ಣು ಮುಚ್ಚುತ್ತಾರೆ. ನೀರು ಬರುವ ಮೊದಲು ಗಾಳಿ ಬುಸುಗುಡುತ್ತದೆ, ಹಿಂದೆಯೇ ಕೊಳವೆ ಸಣ್ಣಗೆ ಅದುರುತ್ತದೆ. ಅದುರಿದರೆ ಹೆಗಲ ಚೀಲದಲ್ಲಿರುವ ಶಂಖ ತೆಗೆದು ಎರಡು ಸಲ ಉದ್ದಕ್ಕೆ ಊದಬೇಕು. ಹತ್ತು ನಿಮಿಷ ಹಾಗೇ ನಿಲ್ಲುತ್ತಾರೆ. ಬೇಲಿಯಾಚೆ ಕೋಳಿ ಕೂಗುತ್ತದೆ.

"ಇವತ್ತೂ ಇಲ್ಲ" ಎಂದು ಕೈ ತೆಗೆಯುತ್ತಾರೆ. ಗುಡ್ಡಕ್ಕೆ ನೀರು ಬಂದು ಇವತ್ತಿಗೆ ಹನ್ನೊಂದು ದಿನ.

ಈ ಪುರವಣಿ ಓದುವ ರಾಜಧಾನಿಯ ಜನಕ್ಕೆ ಕ್ಲೋಟಿ ಯಾರೆಂದು ಗೊತ್ತಿರಲಾರದು. ನಮ್ಮ ಕಡೆಯವರಿಗೆ ಗೊತ್ತು, ಬೈಯುವಷ್ಟರ ಮಟ್ಟಿಗೆ. ಅವರು ನಮ್ಮೂರಿನ ನೀರುಗಂಟಿ. ವಯಸ್ಸು ಐವತ್ತೆಂಟು, ಇಲಾಖೆಯಲ್ಲಿ ದುಡಿದದ್ದು ಹತ್ತೊಂಬತ್ತು ವರ್ಷ. ಹದಿನಾಲ್ಕು ವಾಲ್ವ್ ಅವರ ಪಾಲಿಗಿವೆ. ಕೆಳಗೆ ಕಡಲ ದಂಡೆಯ ನಾನೂರು ಮನೆಗೆ ಹೊಳೆಯ ನೀರು ತಾನಾಗಿ ಇಳಿದು ಬರುತ್ತದೆ. ಮೇಲಿನ ಅರವತ್ಮೂರು ಮನೆಗೆ ಪಂಪಿಲ್ಲದೆ ಗತಿಯಿಲ್ಲ. ನೀರಿನ ಮಂತ್ರಿ ಯಾರ ಕೈಗೂ ಸಿಗುವುದಿಲ್ಲ, ಇಲಾಖೆಯ ಫೋನನ್ನು ಯಾರೂ ಎತ್ತುವುದಿಲ್ಲ. ಕ್ಲೋಟಿ ಮಾತ್ರ ದಿನಾ ಎಲ್ಲರ ಮನೆ ಮುಂದೆ ನಡೆದುಹೋಗುತ್ತಾರೆ. ಹಾಗಾಗಿ ಇಡೀ ಸರ್ಕಾರಕ್ಕೆ ಸಲ್ಲಬೇಕಾದ ಬೈಗುಳ ಅವರೊಬ್ಬರಿಗೇ ಸಲ್ಲುತ್ತದೆ. ನಾನೂ ಬೈದವನೇ. ಎರಡು ವರ್ಷದ ಹಿಂದೆ ಮೈಗೆಲ್ಲ ಸೋಪು ಹಚ್ಚಿಕೊಂಡಿದ್ದಾಗ ನಲ್ಲಿ ನಿಂತುಹೋಗಿ, ಟವೆಲು ಸುತ್ತಿಕೊಂಡು ರಸ್ತೆಗೆ ಬಂದು ಕೂಗಾಡಿದ್ದೆ.

"ನೀವಂದಿದ್ದು ಒಂದೊಂದು ಮಾತೂ ನೆನಪಿದೆ" ಎಂದು ಅವರೀಗ ನಗುತ್ತಾರೆ. "ನಾನೂ ನಾಲ್ಕು ಮಾತು ಅಂದಿದ್ದೆ. ನಿಮ್ಮ ಕಿವೀಲಿ ಸೋಪಿತ್ತು, ಕೇಳಿಸ್ಲಿಲ್ಲ ಅನ್ಸುತ್ತೆ."

ಗುಡ್ಡ ಇಳಿದು ಬರುವಾಗ ರಮ್ ಅಂಗಡಿಯ ಮುಂದೆ ಬೆಳಬೆಳಿಗ್ಗೆಯೇ ಡಾಮಿನೊ ಆಡಲು ಕೂತವರು ಸುಮ್ಮನೆ ಬಿಡುವುದಿಲ್ಲ.

"ಮಂತ್ರಿಗಳು ಬಂದ್ರು, ಎದ್ದು ನಿಲ್ರೋ."

"ಕೂತ್ಕೊಳಪ್ಪ. ಮುಖಾನೇ ತೊಳ್ದಿಲ್ಲ, ಎದ್ದು ಏನು ಮಾಡ್ತೀಯ?" ಎನ್ನುತ್ತಾರೆ ಕ್ಲೋಟಿ.

"ತೊಳೆಯಕ್ಕೆ ನೀರು ಕೊಡು ಮತ್ತೆ."

ಕ್ಲೋಟಿ ಹೆಗಲ ಚೀಲ ಸರಿಮಾಡಿಕೊಳ್ಳುತ್ತಾರೆ. ಮುಂದೆ ನಡೆಯುತ್ತಾರೆ.

ಶಂಖ ಅವರ ಅಪ್ಪನದು. ಅಪ್ಪ ಮೀನು ಹಿಡಿಯುತ್ತಿದ್ದವರು. ದೋಣಿ ದಡ ಮುಟ್ಟಿತೆಂದರೆ ಶಂಖ ಊದಿ ಊರಿಗೆ ತಿಳಿಸುವುದು ನಮ್ಮಲ್ಲಿ ಇವತ್ತಿಗೂ ಉಂಟು. ಹನ್ನೆರಡು ವರ್ಷದ ಹಿಂದಿನ ಚಂಡಮಾರುತದಲ್ಲಿ ಕರೆಂಟು ಹೋಗಿ, ರೇಡಿಯೊ ಬಾಯಿ ಮುಚ್ಚಿದಾಗ, ನೀರು ಬಂದದ್ದನ್ನು ತಿಳಿಸಲು ಬೇರೆ ದಾರಿಯಿರಲಿಲ್ಲ. ಕ್ಲೋಟಿ ಮನೆಯ ಕಿಟಕಿಯಲ್ಲಿದ್ದ ಶಂಖ ತೆಗೆದುಕೊಂಡು ಗುಡ್ಡ ಹತ್ತಿದರು. ಮೀನಿಗಾದರೆ ಮೂರು ಗಿಡ್ಡ, ನೀರಿಗೆ ಎರಡು ಉದ್ದ ಎಂದು ತಾವೇ ಗೊತ್ತುಮಾಡಿದರು. ಆಮೇಲೆ ಕರೆಂಟು ಬಂತು, ಇಲಾಖೆಯವರು ನೀರಿನ ವೇಳಾಪಟ್ಟಿಯನ್ನೂ ಅಚ್ಚು ಹಾಕಿಸಿದರು. ಆ ಪಟ್ಟಿಯ ಪ್ರಕಾರ ಒಂದು ದಿನವೂ ನೀರು ಬರಲಿಲ್ಲವಾದ್ದರಿಂದ ಶಂಖವೇ ಉಳಿಯಿತು.

ಅದರ ಎರಡನೆಯ ಊದು ಎಂದೂ ಪೂರ್ತಿಯಾಗುವುದಿಲ್ಲ. ನಡುವೆ ಒಡೆಯುತ್ತದೆ, ಆಮೇಲೆ ಕೆಮ್ಮು ಕೇಳಿಸುತ್ತದೆ. ಆ ಮಾತೆತ್ತಿದರೆ ಕ್ಲೋಟಿಗೆ ಈಗಲೂ ನಾಚಿಕೆ. "ಚಿಕ್ಕಂದಿನಿಂದ ಉಬ್ಬಸ ನಂಗೆ. ನೀನು ಊದಿದ್ರೆ ಬುಟ್ಟೀಲಿರೋ ಮೀನೂ ಕೆಮ್ಮುತ್ತೆ ಅಂತ ಅಪ್ಪ ರೇಗಿಸ್ತಿದ್ದ."

ಗುಡ್ಡಕ್ಕೆ ನೀರು ಬಂದರೂ ಇರುವುದು ನಲವತ್ತು ನಿಮಿಷ. ಅಷ್ಟರೊಳಗೆ ಡ್ರಮ್ಮು, ಬಕೆಟ್ಟು, ಪಾತ್ರೆಗಳೆಲ್ಲ ತುಂಬಬೇಕು. ನೀರು ಬಂದ ಮೇಲೆ ತೊಳೆಯುತ್ತ ಕೂತರೆ ತುಂಬುವುದಕ್ಕೆ ಹೊತ್ತು ಸಾಲದು. ಆದ್ದರಿಂದ ಶಂಖ ಕೇಳಿದ ಕ್ಷಣವೇ ಮೋರ್ನ್ ಕಾಬ್ರಿಯ ಹೆಂಗಸರು ತಳದಲ್ಲಿ ಉಳಿದ ಹಳೇ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿ, ಡ್ರಮ್ಮುಗಳನ್ನು ಉಜ್ಜಿ, ನಲ್ಲಿಯ ಕೆಳಗೆ ತಂದಿಡುತ್ತಾರೆ. ನೀರು ಬಂತೇ ಎಂದು ಮೊದಲು ನಲ್ಲಿ ತಿರುಗಿಸಿ ನೋಡುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ. ಕ್ಲೋಟಿ ಊದಿದರೆ ನೀರು ಬಂದಂತೆ, ಅಷ್ಟೆ.

ಕಳೆದ ಫೆಬ್ರವರಿಯಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. ಅವತ್ತು ಕ್ಲೋಟಿಯ ಮಂಡಿ ಊದಿಕೊಂಡಿತ್ತು, ಮೆಟ್ಟಿಲು ಹತ್ತಲಾಗಲಿಲ್ಲ. ರಾಜಧಾನಿಯ ಕಚೇರಿಯಿಂದ ಫೋನು ಬಂತು. ಪಂಪ್ ಚಾಲೂ ಆಗಿದೆ, ಊದಿಬಿಡಿ ಎಂದರು. ಕ್ಲೋಟಿ ಸ್ಮಶಾನದ ಗೋಡೆಯ ಪಕ್ಕ ನಿಂತೇ ಊದಿದರು. ಫೋನು ಮಾಡಿದವರು ನೋಡಿದ್ದು ಬೇರೆ ಊರಿನ ಪಂಪ್. ಅರವತ್ಮೂರು ಮನೆಗಳ ಕೊನೆಯ ನೀರು ಬಾಳೆಯ ಬುಡ ಸೇರಿತು. ಮುಂದಿನ ಒಂಬತ್ತು ದಿನ ಹನಿ ಬರಲಿಲ್ಲ.

ಮೇಲಿನ ಆ ಕೊಳವೆಯ ಪಕ್ಕದ ಮನೆ ಮಾ ವಿತಾಲಿಯವರದು. ಎಪ್ಪತ್ತು ದಾಟಿದ ಹೆಂಗಸು. ಗಂಡ ಒಕ್ತಾವ್ ಹಾಸಿಗೆ ಹಿಡಿದು ಮೂರು ವರ್ಷ. ಬೆನ್ನಿನ ಹುಣ್ಣುಗಳನ್ನು ದಿನಕ್ಕೆರಡು ಸಲ ತೊಳೆಯಬೇಕು. ಆ ಒಂಬತ್ತು ದಿನ ಮಾ ವಿತಾಲಿ ಹೊಳೆಗಿಳಿದು, ತಲೆಯ ಮೇಲೆ ಬಕೆಟ್ ಹೊತ್ತು, ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಿದರು. ಕ್ಲೋಟಿ ಎದುರಾದಾಗ ಬೈಯಲಿಲ್ಲ. ಅಂದಿನಿಂದ ನಮಸ್ಕಾರಕ್ಕೆ ಪ್ರತಿ ನಮಸ್ಕಾರ ಹೇಳುವುದನ್ನೂ ಬಿಟ್ಟರು.

"ಬೈದಿದ್ರೆ ಪರವಾಗಿರ್ಲಿಲ್ಲ" ಎನ್ನುತ್ತಾರೆ ಕ್ಲೋಟಿ. "ಡಾಮಿನೊ ಆಡೋರು ಬೈತಾರೆ, ರೇಡಿಯೋಲಿ ಬೈತಾರೆ, ನೀವೂ ಬೈದ್ರಿ. ಅವರು ಸುಮ್ನಾದ್ರಲ್ಲ, ಅದು ತಡ್ಕೊಳಕ್ಕಾಗಲ್ಲ. ಅವತ್ತೇ ಅಂದ್ಕೊಂಡೆ. ಇನ್ಮೇಲೆ ಈ ಕೈಗೆ ಗೊತ್ತಾಗ್ದೆ ಬಾಯಿಗೆ ಶಂಖ ಇಡಲ್ಲ."

ಪಂಪಿನ ಕತೆ ಕೇಳಿದರೆ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ. ಹಳೆಯದು ಕುಂಟುತ್ತ ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಓಡುತ್ತಿತ್ತು. ಹೊಸದು ಹಡಗಿನಲ್ಲಿ ಬಂದು ಏಳು ತಿಂಗಳು ಬಂದರಿನ ಬಿಸಿಲಿನಲ್ಲಿ ಕೂತಿತ್ತು. ಸರ್ಕಾರದ ಮಾಲಿಗೆ ಸುಂಕವಿಲ್ಲ, ಆದರೆ ಸುಂಕವಿಲ್ಲ ಎಂದು ಯಾರಾದರೂ ಬರೆದುಕೊಡಬೇಕು. ನೀರಿನ ಇಲಾಖೆಯವರು ಅದು ಹಣಕಾಸಿನವರ ಕೆಲಸ ಎಂದರು, ಹಣಕಾಸಿನವರು ನೀರಿನವರದು ಎಂದರು. ಎರಡೂ ಕಚೇರಿ ಒಂದೇ ಕಟ್ಟಡದಲ್ಲಿವೆ, ನಡುವೆ ಒಂದೇ ಮಹಡಿ. ಬೆಳಗಿನ ರೇಡಿಯೊದಲ್ಲಿ ನಾವೆಲ್ಲ ಸರದಿಯಲ್ಲಿ ಫೋನು ಮಾಡಿ ಉಗಿದೆವು. ವಿಷಯ ಪರಿಶೀಲನೆಯಲ್ಲಿದೆ ಎಂದು ಮಂತ್ರಿಗಳು ಸರದಿಯಲ್ಲೇ ಉತ್ತರಿಸಿದರು. ಉಗಿದೂ ಉಗಿದೂ ನಮಗೆ ದಣಿವಾಯಿತು, ಅವರಿಗೆ ಆಗಲಿಲ್ಲ. ಬಿಸಿಲಿಗೆ ರಬ್ಬರೆಲ್ಲ ಬಿರಿದುಹೋಗಿರುತ್ತದೆ, ಬದಲಾಯಿಸಿ ಕೂರಿಸಿ ಎಂದು ಕ್ಲೋಟಿ ಬರೆದುಕೊಟ್ಟ ಚೀಟಿಗೆ ಯಾರೂ ಉತ್ತರ ಬರೆಯಲಿಲ್ಲ.

ಕೊನೆಗೂ ಹೊಸ ಪಂಪ್ ಕೂತಿತು. ಶನಿವಾರ ಹತ್ತು ಗಂಟೆಗೆ ಮಂತ್ರಿಗಳು ಗುಂಡಿ ಒತ್ತುವುದು, ಅದೇ ಕ್ಷಣ ಕ್ಲೋಟಿ ಕ್ಯಾಮೆರಾ ಮುಂದೆ ಶಂಖ ಊದುವುದು ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಯಿತು. ಮೇಲೆ ನೀರು ಮುಟ್ಟಿದ ಮೇಲೆ ಊದುತ್ತೇನೆ ಎಂದು ಕ್ಲೋಟಿ ಹೇಳಿಕಳಿಸಿದ್ದಕ್ಕೆ, ಆಜ್ಞೆ ಮೀರಿದರೆ ಕೆಲಸದಿಂದ ತೆಗೆಯಲಾಗುವುದು ಎಂಬ ನೋಟಿಸು ಬಂತು. ಪಿಂಚಣಿಗೆ ಇನ್ನು ಎರಡು ವರ್ಷವಿದೆ.

ಶನಿವಾರ ಪಂಪ್‌ಮನೆಯ ಮುಂದೆ ಶಾಮಿಯಾನ, ಕುರ್ಚಿ, ಡೋಲು. ಮಂತ್ರಿಗಳು ಗುಂಡಿ ಒತ್ತುತ್ತಾರೆ. ಪಂಪ್ ಗುಡುಗುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಇಲಾಖೆಯ ಜಿಲ್ಲಾ ಅಧಿಕಾರಿ ಲುಬಿನ್ ಬೆವರು ಒರೆಸಿಕೊಳ್ಳುತ್ತ ಕ್ಲೋಟಿಯ ಹತ್ತಿರ ಬರುತ್ತಾರೆ.

"ಊದಮ್ಮ, ಎಲ್ಲರೂ ಕಾಯ್ತಿದಾರೆ."

"ಮೇಲೆ ಹೋಗಿ ನೋಡ್ಕೊಂಡು ಊದ್ತೀನಿ ಸಾರ್."

"ಕ್ಯಾಮೆರಾದವರು ಮೇಲೆ ಬರಲ್ಲ. ಪಂಪ್ ಓಡ್ತಿಲ್ವಾ? ಕಿವಿ ಕೇಳಿಸ್ತಿಲ್ವಾ ನಿಂಗೆ?"

"ಮೇಲಿನ ಮನೆಯವರು ಡ್ರಮ್ಮು ತುಂಬ್ಕೊಳೋದು ಸದ್ದಿನಿಂದಲ್ಲ ಸಾರ್."

"ನಂಗೂ ಮೇಲಿನವರಿದಾರೆ, ಕ್ಲೋಟಿ. ನನ್ನ ಕಷ್ಟ ನಿಂಗರ್ಥ ಆಗಲ್ಲ." ಆತ ಹೇಳಿದ್ದು ಸುಳ್ಳಲ್ಲ, ಮುಖವೂ ಸೋತುಹೋಗಿತ್ತು. ಆದರೆ ಆತ ಒಂದು ಏರ್ಪಾಡು ಮಾಡಿಕೊಂಡೇ ಬಂದಿದ್ದರು. ಬೇರೆ ಊರಿನ ಮೀನುಗಾರನೊಬ್ಬನಿಂದ ಎರಡು ಉದ್ದ ಊದಿಸಿ, ಧ್ವನಿ ಹಿಡಿದಿಟ್ಟುಕೊಂಡಿದ್ದರು. ಅದನ್ನು ಮೇಲಿನವರಿಗೆ ಕೇಳಿಸಲು ಇಲಾಖೆಯ ಜೀಪು ಧ್ವನಿವರ್ಧಕ ಹೊತ್ತು ಗುಡ್ಡದ ರಸ್ತೆ ಹಿಡಿಯುತ್ತದೆ.

ಕ್ಲೋಟಿ ಮೆಟ್ಟಿಲಿನ ಕಡೆ ಓಡುತ್ತಾರೆ. ನಾನು ಹಿಂದೆ. ಎಂಬತ್ತನೆಯ ಮೆಟ್ಟಿಲಿನಲ್ಲಿದ್ದಾಗ ಮೇಲಿನಿಂದ ಶಂಖದ ಸದ್ದು ಕೇಳುತ್ತದೆ. ಒಂದು ಉದ್ದ. ಇನ್ನೊಂದು ಉದ್ದ. ಗುಡ್ಡವೆಲ್ಲ ತುಂಬುವಂತೆ. ನೂರ ಮೂವತ್ತಕ್ಕೆ ಬರುವಾಗ ಕೆಳಗೆ ಪಂಪಿನ ಗುಡುಗು ಕೆಮ್ಮಿ ನಿಲ್ಲುತ್ತದೆ. ಕ್ಲೋಟಿ ತಿರುಗಿ ನೋಡುವುದಿಲ್ಲ. ಎದೆಯ ಸಿಳ್ಳೆ ನನಗೂ ಕೇಳಿಸುತ್ತಿದೆ. "ಚೆಲ್ಬಿಡ್ತಾರೆ, ಚೆಲ್ಬಿಡ್ತಾರೆ" ಎಂದಷ್ಟೇ ಹೇಳುತ್ತ ಹತ್ತುತ್ತಾರೆ. ಹನ್ನೆರಡು ದಿನ ಕಾಪಾಡಿಕೊಂಡ ನೀರು.

ಮೇಲೆ ಮಾ ವಿತಾಲಿ ಜಗಲಿಯ ಮುಂದಿದ್ದಾರೆ. ಡ್ರಮ್ಮಿನ ಮುಚ್ಚಳದ ಮೇಲೆಯೇ ಕೂತು ಬಾಳೆಕಾಯಿಯ ಸಿಪ್ಪೆ ತೆಗೆಯುತ್ತಿದ್ದಾರೆ. ಬಾಳೆಯ ಬುಡ ಒಣಗಿಯೇ ಇದೆ.

ಕ್ಲೋಟಿ ಬೇಲಿ ಹಿಡಿದು ನಿಲ್ಲುತ್ತಾರೆ. "ಚೆಲ್ಲಿಬಿಟ್ರಾ ಮಾ?"

"ಯಾಕೆ ಚೆಲ್ಲಲಿ?"

"ಶಂಖ ಕೇಳಿಸ್ಲಿಲ್ವಾ?"

"ಕೇಳಿಸ್ತು. ಎರಡು ಸಲಾನೂ ಒಂದೇ ಸಮ ಊದ್ತು. ನಿಂಗೆ ಅಷ್ಟು ದಮ್ಮು ಎಲ್ಲಿದೆ?" ಮುದುಕಿ ಚಾಕುವಿನಿಂದ ಕೆಳಗಿನ ಮನೆಗಳ ಕಡೆ ತೋರಿಸುತ್ತಾರೆ. "ಪಕ್ಕದವಳು ಬಕೆಟ್ ಎತ್ತಿದ್ಲು. ಇಡೇ ಕೆಳಗೆ, ಅದು ಕ್ಲೋಟಿ ಅಲ್ಲ ಅಂದೆ. ಅವಳು ಆಚೆಯವಳಿಗೆ ಕೂಗಿದ್ಲು, ಅವಳು ಇನ್ನೊಬ್ಬಳಿಗೆ. ಈ ಸರ್ಕಾರಕ್ಕೆ ನೆಟ್ಟಗೆ ಕೆಮ್ಮಕ್ಕೂ ಬರಲ್ಲ."

ಕ್ಲೋಟಿ ಕೊಳವೆಯ ಮೇಲೆ ಕೈ ಇಡುತ್ತಾರೆ. ಬಿಸಿಲಿಗೆ ಕಾದಿದೆ, ಅದುರುತ್ತಿಲ್ಲ. ಕೈ ತೆಗೆಯದೆ ಅಲ್ಲೇ ಕುಸಿದು ಕೂತು ಅಳುತ್ತಾರೆ. ಇಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ಮಾ ವಿತಾಲಿ ಎದ್ದು, ಮುಚ್ಚಳ ಸರಿಸಿ, ಡ್ರಮ್ಮಿನ ತಳದಿಂದ ಒಂದು ಲೋಟ ನೀರು ಮೊಗೆದು ತಂದು ಅವರ ಕೈಗೆ ಕೊಡುತ್ತಾರೆ.

"ಕುಡಿ. ನೀನು ಊದ್ದಾಗ ಚೆಲ್ತೀನಿ."

ಬುಧವಾರ ಕ್ಲೋಟಿ ರಾಜಧಾನಿಗೆ ಹೋಗಿ ನೋಟಿಸಿಗೆ ಉತ್ತರ ಕೊಡಬೇಕು. ಅಲ್ಲಿ ಏನು ಹೇಳುತ್ತೀರಿ ಎಂದು ಗುಡ್ಡ ಇಳಿಯುವಾಗ ಕೇಳಿದೆ.

"ಏನು ಹೇಳೋದಿದೆ? ಅರವತ್ಮೂರು ಮನೇಲಿ ಒಂದು ಬಕೆಟ್ಟೂ ಚೆಲ್ಲಿಲ್ಲ ಅಂತೀನಿ."