ಅಥಣಿ ರಸ್ತೆಯ ಬೀಗರು

ವಿಜಯಪುರಕ್ಕೆ ಬಂದು ತಿಂಗಳಾಗುವುದರೊಳಗೆ ನಾನು ಒಂದು ಮನೆತನಕ್ಕೆ ಬೀಗನಾದೆ. ನನಗೆ ಮದುವೆಯಾಗಿಲ್ಲ. ಅಕ್ಕತಂಗಿಯರೂ ಇಲ್ಲ. ಆದರೂ ಅಥಣಿ ರಸ್ತೆಯ ಒಂದು ಮನೆಯ ಗೇಟಿನ ಮುಂದೆ ನಾನು ಸೂಟ್‌ಕೇಸು ಹಿಡಿದು ನಿಂತಿದ್ದಾಗ ನನ್ನ ಸಹಪಾಠಿ ಸಂಗಮೇಶ ಮನೆಯೊಡತಿ ಶಾಂತವ್ವನವರಿಗೆ ಹೇಳಿದ: "ಕಾಕು, ಇವ್ರು ನಮ್ಮ ಬೀಗ್ರು. ನಾ ಊರಿಂದ ಬರೂತನ ನನ್ನ ಖೋಲಿಯಾಗ ಇರ್ತಾರ."

"ಇರ್ಲಿ ಬಿಡು. ಬೀಗ್ರಿಗೆ ಬ್ಯಾಡ ಅನ್ನಾಕ ಬರ್ತೈತೇನು?" ಎಂದರು ಆಕೆ.

ಆಗ ಆಕೆಯ ಕೈಯಲ್ಲಿ ಮೊರವಿತ್ತೋ ಕಸಬರಿಗೆಯಿತ್ತೋ, ನನ್ನ ನೆನಪು ದಿನಕ್ಕೊಂದು ಹೇಳುತ್ತದೆ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುವಾಗ ಕಣ್ಣಾರೆ ಕಂಡವನ ಸಾಕ್ಷಿಯನ್ನೇ ಮೊದಲು ಅನುಮಾನಿಸಬೇಕೆಂದು ಕಲಿತೆ. ಆ ಚಟ ಈಗ ನನ್ನ ಮೇಲೇ ತಿರುಗಿದೆ. ಆದರೆ 'ಬೀಗ್ರು' ಎಂಬ ಮಾತು ಬಿದ್ದದ್ದು ಖಂಡಿತ. ಮುಂದಿನ ಫಜೀತಿಯೆಲ್ಲ ಅದರಿಂದಲೇ ಹುಟ್ಟಿತು.

ಒಂದು ಕಡೆ ನಿಲ್ಲುವ ಕಾಲು ನನ್ನದಲ್ಲ. ಎರಡು ಕೆಲಸ ಬಿಟ್ಟು, ಕಾನೂನು ಓದುತ್ತೇನೆಂದು ಕೊಳ್ಳೇಗಾಲದಿಂದ ರಾಜ್ಯದ ಈ ತುದಿಗೆ ಬಂದೆ. ಅದೇ ರಾಜ್ಯ, ಅದೇ ಭಾಷೆ, ಕಷ್ಟವೇನು ಎಂದುಕೊಂಡಿದ್ದೆ. ಸ್ಟೇಷನ್ ರಸ್ತೆಯ ಲಾಡ್ಜಿನಲ್ಲಿದ್ದು ಮನೆ ಹುಡುಕತೊಡಗಿದಾಗ ಗೊತ್ತಾಯಿತು. ಒಂಟಿ ಗಂಡಸರಿಗೆ ಬಾಡಿಗೆ ಕೊಡದಿರುವುದು ನಮ್ಮಲ್ಲೂ ಉಂಟು. ಆದರೆ ನಮ್ಮಲ್ಲಿ "ನೋಡೋಣ, ನಾಳೆ ಬನ್ನಿ" ಎಂದು ಚಪ್ಪಲಿ ಸವೆಸುತ್ತಾರೆ. ಇಲ್ಲಿ "ಇಲ್ರಿ, ಫ್ಯಾಮಿಲಿ ಇದ್ದವ್ರಿಗೆ ಅಷ್ಟ ಕೊಡ್ತೇವಿ" ಎಂದು ಮುಖಕ್ಕೇ ಹೇಳಿ, ಅದೇ ಉಸಿರಿನಲ್ಲಿ "ಬರ್ರಿ, ಚಾ ಕುಡೀರಿ" ಎನ್ನುತ್ತಾರೆ. ಹೋದಲ್ಲೆಲ್ಲ ಚಹಾ ಸಿಕ್ಕಿತು. ಖೋಲಿ, ಅಂದರೆ ಕೋಣೆ, ಸಿಗಲಿಲ್ಲ.

ಆಗ ಕೈಹಿಡಿದವನು ಸಂಗಮೇಶ. ತಿಕೋಟಾ ಕಡೆಯ ಕಳ್ಳಕವಟಗಿಯವನು. ಅವನ ಅಪ್ಪ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. "ಚಾಟ್ನಿ ಮಾಡ್ಸಾಕ ಊರಿಗೆ ಹೊಂಟೇನಿ. ಪರೀಕ್ಷಾಕ್ಕ ಅಷ್ಟ ಬಂದ್ ಹೋಗ್ತೇನಿ. ನನ್ನ ಖೋಲಿಯಾಗ ನೀ ಇರು" ಎಂದ. ತಿಂಗಳುಗಟ್ಟಲೆ ಅರೆಯುವ ಚಟ್ನಿ ಯಾವುದಪ್ಪ ಎಂದು ನಾನು ಕಣ್ಣು ಬಿಟ್ಟೆ. ಚಾಟ್ನಿ ಎಂದರೆ ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ. ಅದಾದ ಮೇಲೆ ಹಣ್ಣು ಕೊಯ್ಯುವವರೆಗೆ ತೋಟ ಬಿಟ್ಟು ಅಲ್ಲಾಡುವಂತಿಲ್ಲ.

ಹೀಗೆ ನಾನು ಬಾಡಿಗೆದಾರನ ಬಾಡಿಗೆದಾರನಾದೆ. ಮಾಲೀಕರ ಒಪ್ಪಿಗೆಯಿಲ್ಲದೆ ಒಳಬಾಡಿಗೆ ಕೊಡುವಂತಿಲ್ಲ ಎಂದು ತರಗತಿಯಲ್ಲಿ ಆಗಷ್ಟೇ ಪಾಠವಾಗಿತ್ತು. ನಮ್ಮ ಕಡೆ ಬೀಗರೆಂದರೆ ಹೆಣ್ಣು ಕೊಟ್ಟವರು ಅಥವಾ ತಂದವರು, ಬೇರೆ ಯಾರೂ ಅಲ್ಲ. ಹಾಗಾಗಿ ಗೇಟಿನ ಮುಂದೆ ಸಂಗಮೇಶ ಜಾಣತನದಿಂದ ಸುಳ್ಳು ಹೇಳಿದನೆಂದೇ ತಿಳಿದೆ. ಆ ಸುಳ್ಳನ್ನು ಕಾಯುವುದು ನನ್ನ ಪಾಲಿಗೆ ಬಂತು. ಅದು ಒಡೆದರೆ ಪರೀಕ್ಷೆ ಎದುರಿಗಿಟ್ಟುಕೊಂಡು ಮತ್ತೆ ಚಹಾ ಕುಡಿಯುತ್ತ ಬೀದಿ ಅಲೆಯಬೇಕು.

ಕಾಯುವುದು ಸುಲಭವಿರಲಿಲ್ಲ. ಶಾಂತವ್ವ ಆಗಾಗ ಗಟ್ಟಿ ಕಟಕ ರೊಟ್ಟಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ ತಂದು "ತಗೋರಿ, ಬೀಗ್ರ" ಎನ್ನುತ್ತಿದ್ದರು. ಮುದ್ದೆ ನುಂಗಿ ಬೆಳೆದವನ ದವಡೆಗೆ ರೊಟ್ಟಿ ಹೊಸದು, ಮನಸ್ಸಿಗೆ ಆ ಉಪಚಾರ ಭಾರ. ಸಂಜೆ ಬಿಸಿಲಿಳಿದ ಮೇಲೆ ಮನೆಯವರೆಲ್ಲ ಮಾಳಿಗೆಯ ಮೇಲೆ ಕೂತು ಹರಟುತ್ತಿದ್ದರೆ ನಾನು ಓದುವ ನೆಪ ಹೂಡಿ ಒಳಗೇ ಉಳಿಯುತ್ತಿದ್ದೆ. ಮಾತಿಗೆ ಕೂತರೆ ಸಂಬಂಧ ವಿಚಾರಿಸುತ್ತಾರಲ್ಲ. ಇಲ್ಲಿ ಎದುರಾದವರೆಲ್ಲ "ಆರಾಮ?" ಎಂದು ಕೇಳುತ್ತಾರೆ, ನನಗೇನೋ ಕಾಯಿಲೆಯಿರುವಂತೆ ಕಾಣುತ್ತದೆಂದು ಮೊದಮೊದಲು ಕನ್ನಡಿ ನೋಡಿಕೊಂಡಿದ್ದುಂಟು. ಒಂದು ದಿನ ಆಟೋದವನಿಗೆ ನಾನೇ "ಆರಾಮ್ರಿ?" ಎಂದೆ. ಅವನು ಹಿಂತಿರುಗಿಯೂ ನೋಡದೆ "ಆರಾಮ್ರಿ" ಎಂದ. ಪರವೂರಿನವನೆಂದು ಅವನಿಗೆ ತಿಳಿಯಲಿಲ್ಲ ಎಂಬ ಖುಷಿ ಮನೆಯವರೆಗೂ ಜೊತೆಗಿತ್ತು.

ಕೊನೆಗೆ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಾಗ ಸಿಕ್ಕಿಬಿದ್ದೆ. ಸಂಡಿಗೆ ತಿರುವಿ ಹಾಕುತ್ತಿದ್ದ ಶಾಂತವ್ವ ಕೇಳಿದರು: "ಬೀಗ್ರ, ನಿಮಗೂ ಸಂಗಮೇಶಗೂ ಹೆಂಗ ಪರಿಚಯ ಆತ್ರಿ?"

"ನಮ್ಮಕ್ಕನ್ನ ಅವರಣ್ಣನಿಗೆ ಕೊಟ್ಟಿದೆ."

ಆಕೆಯ ಕೈ ನಿಂತಿತು. "ಅವರಣ್ಣಗ?"

"ಹೂಂ."

"ಹೌದಾ" ಎಂದವರೇ ಸಂಡಿಗೆಯನ್ನು ಅಲ್ಲೇ ಬಿಟ್ಟು ಕೆಳಗಿಳಿದು ಹೋದರು.

ನಾನು ಸಂಗಮೇಶನಿಗೆ ಫೋನ್ ಮಾಡಿದೆ. "ನಿನಗೆ ಅಣ್ಣ ಇದ್ದಾನೆ ತಾನೇ?"

"ಎಲ್ಲಿ ಅಣ್ಣ? ನಾನ ಹಿರ್ಯಾವ. ಯಾಕಲೇ?"

ಹೇಳಿದೆ. ತೋಟದಲ್ಲಿ ಔಷಧ ಹೊಡೆಯುವ ಯಂತ್ರದ ಸದ್ದನ್ನೂ ಮೀರಿ ಅವನು ನಕ್ಕ. "ಹುಚ್ಚ ಅದಿಯೇನಲೇ? ಬೀಗ್ರು ಅಂದ್ರ ಮನಿಗೆ ಬಂದವ್ರು. ನಮ್ಮಲ್ಲಿ ಯಾರ್ ಬಂದ್ರೂ ಬೀಗ್ರ. ಕಾಕುಗ ಮೊದಲ ಎಲ್ಲಾ ಹೇಳಿ, ಹೂಂ ಅನ್ನಿಸ್ಕೊಂಡ ನಿನ್ನ ಕರ್ಕೊಂಡ್ ಬಂದಿದ್ನಿ."

ಅಂದರೆ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಆ ಮನೆಯಲ್ಲಿದ್ದ ಒಂದೇ ಒಂದು ಸುಳ್ಳು ನನ್ನದು.

ಮರುದಿನ ಬೆಳಿಗ್ಗೆ ಕೆಳಗೆ ಹೋಗಿ ನಡೆದದ್ದನ್ನು ಹೇಳಿದೆ. ಸ್ಟೇಷನ್ ರಸ್ತೆಯಲ್ಲಿ ಬಟ್ಟೆ ಅಂಗಡಿಯಿರುವ ಅವರ ಯಜಮಾನರು ಹೊರಸಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಶಾಂತವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಿಟ್ಟೋ ನಗುವೋ, ಸ್ವಲ್ಪ ಹೊತ್ತು ತಿಳಿಯಲಿಲ್ಲ.

"ಯಪ್ಪಾ, ಎಂಥಾ ಮಾತ್ ಆಡಿದಿ. ಸಂಗಮೇಶನ ಅಪ್ಪ ಎಲ್ಲೋ ಇನ್ನೊಂದ್ ಸಂಸಾರ ಮಾಡ್ಯಾನಂತ ತಿಳ್ಕೊಂಡು ನಾ ಬಬಲೇಶ್ವರಕ್ಕ, ನಮ್ಮ ತವರಮನಿಗೆ ಫೋನ್ ಹಚ್ಚಿ ಕೇಳೇಬಿಟ್ಟೇನಿ."

"ಬಬಲೇಶ್ವರದಾಗ ಗೊತ್ತಾತಂದ್ರ ಮುಗೀತು" ಎಂದರು ಯಜಮಾನರು, ಪೇಪರಿನಿಂದ ಕಣ್ಣೆತ್ತದೆ. "ಇಷ್ಟೊತ್ತಿಗೆ ತಿಕೋಟಾದಾಗ ಆ ಸಂಸಾರಕ್ಕ ಮಮ್ಮಕ್ಕಳೂ ಆಗಿರ್ತಾವ."

"ನೀವ್ ಸುಮ್ನ ಕುಂಡ್ರಿ."

"ಹಾಗಾದರೆ ನಾನು ರೂಮು ಖಾಲಿ ಮಾಡಬೇಕಾ?" ಎಂದು ಕೇಳಿದೆ.

"ಯಾಕ ಮಾಡ್ತಿ? ಪರೀಕ್ಷಾ ಬಿಟ್ಟು ಎಲ್ಲಿ ಹೋಗ್ತಿ? ಕುಂಡ್ರು, ರೊಟ್ಟಿ ತಿನ್ನು. ನಿನ್ನೆಯಿಂದ ಮಾರಿ ಸಣ್ಣದ್ ಮಾಡ್ಕೊಂಡ್ ತಿರಗಾಕತ್ತಿ."

ಆಗ ಗಮನಿಸಿದೆ: ಮಾತಿನ ಕೊನೆಯ 'ರಿ' ಬಿದ್ದುಹೋಗಿತ್ತು. 'ನೀವು' ಹೋಗಿ 'ನೀ' ಬಂದಿತ್ತು. ನಮ್ಮ ಕಡೆ ಮನೆ ಮಾಲೀಕರು ಏಕವಚನಕ್ಕಿಳಿದರೆ ಪೆಟ್ಟಿಗೆ ಕಟ್ಟಬೇಕೆಂದೇ ಅರ್ಥ. ಇಲ್ಲಿ ನಾನು ಹೊಸ್ತಿಲ ಬಳಿಯೇ ಕೂತು ರೊಟ್ಟಿಗೆ ಕೈಚಾಚಿದೆ. ಬೀಗನಾಗಿದ್ದಾಗ ಒಂದು ರೊಟ್ಟಿಯೂ ನೆಮ್ಮದಿಯಾಗಿ ಇಳಿದಿರಲಿಲ್ಲ. ಅಂದು ಎಷ್ಟು ತಿಂದೆನೋ ಲೆಕ್ಕವಿಲ್ಲ.

ಪರೀಕ್ಷೆ ಆ ಖೋಲಿಯಲ್ಲೇ ಓದಿ ಬರೆದೆ. ಹಣ್ಣು ಕೊಯ್ದು ಸಂಗಮೇಶ ಮರಳಿದ ಮೇಲೆ, ಎಲ್ಲಿಗೆ ಹೋಗುವುದೆಂಬ ನನ್ನ ಚಿಂತೆಯನ್ನು ಶಾಂತವ್ವ "ಇಬ್ರೂ ಇರ್ರಿ, ಜಗಳಾಡಬ್ಯಾಡ್ರಿ" ಎಂಬ ಒಂದೇ ಮಾತಿನಲ್ಲಿ ಮುಗಿಸಿದರು. ಈಗ ಸಂಜೆ ಮಾಳಿಗೆಯ ಮೇಲೆ ನಾನೂ ಇರುತ್ತೇನೆ. ಅಲ್ಲಿ ಯಾವ ಮಾತು ಬಂದರೂ ಶಾಂತವ್ವ ನನ್ನತ್ತ ತಿರುಗಿ "ನಿಮ್ಮ ಕಡೆ ಹೆಂಗೋ ತಮ್ಮಾ?" ಎನ್ನುತ್ತಾರೆ. ನಿಮ್ಮ ಕಡೆ ಎಂದರೆ ಕೊಳ್ಳೇಗಾಲ.

ಮೊನ್ನೆ ಕೊಳ್ಳೇಗಾಲದಿಂದ ಅಮ್ಮನ ಫೋನ್ ಬಂತು. "ನಿಮ್ ಕಡೆ ಬಿಸ್ಲು ಜಾಸ್ತಿ ಆಯ್ತಂತಲ್ಲೋ, ಟೀವೀಲಿ ತೋರಿಸ್ತಿದ್ರು." ಅಮ್ಮನ ಬಾಯಲ್ಲಿ 'ನಿಮ್ ಕಡೆ' ಎಂದರೆ ವಿಜಯಪುರ ಎಂದು ಅರ್ಥವಾಗಲು ನನಗೆ ಒಂದು ಕ್ಷಣ ಹಿಡಿಯಿತು. "ಪರವಾಗಿಲ್ಲಮ್ಮ, ಇಲ್ಲಿ ಅಷ್ಟೊಂದಿಲ್ಲ" ಎಂದೆ. ಪಕ್ಕದಲ್ಲಿದ್ದ ಸಂಗಮೇಶ, ನಾನು 'ಇಲ್ಲಿ' ಅನ್ನಲಿಲ್ಲ, 'ನಮ್ಮ ಕಡೆ' ಅಂದೆ ಎನ್ನುತ್ತಾನೆ. ನನಗೆ ನೆನಪಿಲ್ಲ. ಅಮ್ಮನನ್ನು ಕೇಳಿದರೆ ತಿಳಿಯುತ್ತದೆ, ಕೇಳುವ ಧೈರ್ಯವಾಗಿಲ್ಲ.